ದಾರಿ ತಪ್ಪದ ವಿಲ್ಫ್ರೆಡ್‌ನ ಲಾವಾ ಹಾಸು

ಇಂದ: ವಿಲ್ಫ್ರೆಡ್ ಕುನುಕ್, ಹಿಮಸಾರಂಗ ಕಾಯುವವನು, ಸೆವರ್ಡ್ ಪರ್ಯಾಯದ್ವೀಪ, ಅಲಾಸ್ಕಾ.

ಗೆ: ನಕ್ಷೆಗೆ ಸ್ಥಳನಾಮ ಬರೆಸುವ ಅಧಿಕಾರಿಗಳು.

ವಿಷಯ: ಲಾವಾ ಹಾಸಿನ ಹೆಸರಿನಿಂದ ‘ದಾರಿತಪ್ಪಿದ’ ಎಂಬ ಪದ ತೆಗೆಸುವ ಬಗ್ಗೆ.

ಉಲ್ಲೇಖ: ತಮ್ಮ ಹೊಸ ನಕ್ಷೆ, ಅಂಗಡಿಯ ಗೋಡೆಗೆ ಅಂಟಿಸಿರುವುದು, ಊರೆಲ್ಲ ಓದಿರುವುದು.

ಮಾನ್ಯರೇ,

೧. ಹೋದ ಬೇಸಿಗೆ ತಮ್ಮ ಭೂವಿಜ್ಞಾನಿ ಹಾರ್ಲನ್ ಅವರು ನಮ್ಮೂರ ಸರೋವರದ ದಕ್ಷಿಣದ ಎಳೆಯ ಲಾವಾ ಹಾಸನ್ನು ಅಳೆಯಲು ಬಂದಾಗ ಅರ್ಜಿದಾರ ದಾರಿ ತೋರಿಸಲು ಹೋಗಿದ್ದು ಸರಿಯಷ್ಟೆ. ಕಪ್ಪು ಕಲ್ಲು ಕೆಲವೆಡೆ ಹೊಸೆದ ಹಗ್ಗದಂತೆ, ಕೆಲವೆಡೆ ಒಡೆದ ಕಡಲ ಹಿಮಗಡ್ಡೆಯಂತೆ ಬಿದ್ದಿದೆ, ಕಲ್ಲುಹೂವು ಬಿಟ್ಟರೆ ಇನ್ನೂ ಏನೂ ಬೆಳೆದಿಲ್ಲ ಎಂದು ಅವರು ಬರೆದ ವರ್ಣನೆಗೆ ಅರ್ಜಿದಾರನ ತಕರಾರಿಲ್ಲ.

೨. ತಕರಾರು ಹೆಸರಿನದು. ಮಂಜು ಕವಿದ ಒಂದು ಮಧ್ಯಾಹ್ನ ಅರ್ಜಿದಾರ ಕಾಣೆಯಾಗಿ, ಸಂಜೆಗೆ ತಾನಾಗಿಯೇ ಬಂದ. ಎಲ್ಲಿದ್ದೆ ಎಂದು ಹಾರ್ಲನ್ ಕೇಳಿದರು. ದಾರಿ ತಪ್ಪಿತು ಎಂದ. ಅವರು ಪಾಪ, ನಂಬಿ, ಆ ಲಾವಾಕ್ಕೆ ‘ದಾರಿತಪ್ಪಿದ ವಿಲ್ಫ್ರೆಡ್’ ಎಂದೇ ಹೆಸರಿಟ್ಟರು.

೩. ಸದರಿ ಲಾವಾದ ಆಚೆ ಅಂಚಿಗೆ ಸಿಗ್ವಾನ ಎಂಬಾಕೆಯ ಮೀನುಗಾರಿಕೆ ಬಿಡಾರವಿದೆ. ಅವಳ ಮಗಳು ಲೆನೋರ. ಅರ್ಜಿದಾರ ಹೋಗಿದ್ದು ಅಲ್ಲಿಗೆ. ಆಗ ಸಿಗ್ವಾನ ಬಲೆ ಎಳೆಯಲು ಹೋಗಿದ್ದಳು. ಹುಡುಗಿಯ ಹೆಸರು ನಾಲ್ಕು ಜನರ ಬಾಯಿಗೆ ಬೀಳಬಾರದೆಂಬ ಕಾರಣಕ್ಕೆ ಅರ್ಜಿದಾರ ಸುಳ್ಳಾಡಿದ.

೪. ನಕ್ಷೆ ಬಂತು. ಊರು ನಕ್ಕಿತು. ಹೆಣ್ಣು ಕೇಳಲು ಹೋದರೆ ಸಿಗ್ವಾನ ಮೀನು ಸೀಳುವುದನ್ನೂ ನಿಲ್ಲಿಸಲಿಲ್ಲ. “ಸರ್ಕಾರವೇ ದಾರಿತಪ್ಪಿದೋನು ಅಂತ ಬರೆದಿದೆಯಲ್ಲಪ್ಪಾ. ಚಳಿಗಾಲದಲ್ಲಿ ನಿನ್ನ ಹುಡುಕ್ಕೊಂಡು ನನ್ನ ಮಗಳು ಅಲೀಬೇಕಾ?” ಎಂದಳು. ನಿಜ ಹೇಳಿದರೆ ಲೆನೋರಳಿಗೆ ಬೈಗುಳ, ಹೇಳದಿದ್ದರೆ ಅರ್ಜಿದಾರನಿಗೆ ಬ್ರಹ್ಮಚರ್ಯ. ಆದ್ದರಿಂದ, ಸದರಿ ಕಾರಣದಿಂದ, ಅವನು ಬಾಯಿ ಬಿಡಲಿಲ್ಲ.

೫. ಬಾಯಿ ಬಿಟ್ಟವಳು ಲೆನೋರ. “ಅವ್ನಿಗೆ ದಾರಿ ತಪ್ಪಿರ್ಲಿಲ್ಲಮ್ಮ. ನನ್ ಜೊತೆ ಟೀ ಕುಡೀತಿದ್ದ.”

ಸಿಗ್ವಾನ ಚಾಕು ಕೆಳಗಿಟ್ಟು ಅರ್ಜಿದಾರನತ್ತ ತಿರುಗಿದಳು. ಅಂಥ ಮಂಜಿನಲ್ಲಿ ಆ ಕಲ್ಲು ದಾಟಿ ನೆಟ್ಟಗೆ ನಮ್ಮ ಗುಡಾರಕ್ಕೇ ಬಂದೆಯಾ ಎಂದು ಕೇಳಿದಳು. ಹೌದು ಎಂದ.

“ಸುಳ್ಳು ಹೇಳೋ ಅಳಿಯನ್ನ ತಿದ್ಕೋಬಹುದು ಬಿಡು. ಆದ್ರೆ ಆ ಹೆಸರು ತೆಗೆಸು. ನಂಗೆ ಬರದಿದ್ರೂ ನೆಂಟರಿಗೆ ಓದೋಕೆ ಬರುತ್ತೆ.”

ಮೇಲ್ಕಂಡ ಕಾರಣಗಳಿಂದ ‘ದಾರಿತಪ್ಪಿದ’ ಎಂಬುದನ್ನು ತೆಗೆದು ‘ವಿಲ್ಫ್ರೆಡ್’ ಎಂದಷ್ಟೇ ಉಳಿಸಬೇಕಾಗಿ ಪ್ರಾರ್ಥನೆ. ಮೊದಲ ಹಿಮ ಬೀಳುವ ವಾರ ಮದುವೆ. ಹಾರ್ಲನ್ ಅವರನ್ನು ತಪ್ಪದೆ ಕಳುಹಿಸಿಕೊಡುವುದು. ಬಂದವರು ಇಲ್ಲಿ ಮತ್ತೇನಕ್ಕೂ ಹೆಸರಿಡದಂತೆ ಆದೇಶಿಸುವುದು.

ತಾನೆಲ್ಲಿದ್ದೇನೆಂದು ಚೆನ್ನಾಗಿ ಬಲ್ಲ ತಮ್ಮ ವಿಶ್ವಾಸಿ,
ವಿಲ್ಫ್ರೆಡ್ ಕುನುಕ್

ಲಗತ್ತು:
೧. ಸಿಗ್ವಾನಳ ಹೆಬ್ಬೆಟ್ಟಿನ ಗುರುತು.
೨. ಒಣಮೀನು, ಒಂದು ಕಟ್ಟು. ಇದನ್ನು ಕಡತಕ್ಕೆ ಸೇರಿಸದೆ ತಿನ್ನಬೇಕಾಗಿ ವಿನಂತಿ.