ಬೆನ್ನು ತಿರುಗಿಸುವ ಯಂತ್ರ

ತಾನು ಒಮ್ಮೆ ಸೀನಿದ್ದಕ್ಕೆ ಮುಂಬಯಿಯ ಷೇರುಪೇಟೆ ಅರ್ಧ ತಾಸು ನಿಂತುಹೋಗಿತ್ತೆಂದು ಹುಬ್ಬಳ್ಳಿಯ ಚನ್ನಮಲ್ಲಪ್ಪ ಹೇಳಿಕೊಳ್ಳುತ್ತಿದ್ದ. ನಂಬಿದವರು ಯಾರೂ ಇರಲಿಲ್ಲ. ಅಂಥ ಧೀರ ಆ ಬೆಳಿಗ್ಗೆ ಮಾತ್ರ ಬೆವರುತ್ತಿದ್ದ. ಹೆಂಡತಿ ನೀಲವ್ವ ಹೊಲಿಗೆ ಅಂಗಡಿ ತೆರೆಯಲು ಕೂಡಿಟ್ಟ ಹಣವನ್ನು ಅವಳಿಗೆ ತಿಳಿಸದೆ ಒಂದು ಯಂತ್ರದ ಕೈಗೆ ಕೊಟ್ಟಿದ್ದ.

ಯಂತ್ರ ಪಕ್ಕದ ಮನೆಯ ಫಕೀರೇಶನದು. ಕುಕ್ಕರಿನ ತಲೆ, ಮೂರು ಗಾಲಿ, ಹೊಟ್ಟೆಯೊಳಗೆ ಷೇರು ಕೊಳ್ಳುವ ಮೊಬೈಲು. ಫಕೀರೇಶ ಮಿಕ್ಸರ್ ರಿಪೇರಿ ಮಾಡುವವನು. ತನ್ನನ್ನು ವಿಜ್ಞಾನಿ ಎಂದು ಕರೆದುಕೊಳ್ಳುವವನೂ ಅವನೇ.

"ಇದಕ್ಕ ವ್ಯವಹಾರ ಕಲಿಸೀನಿ, ಮಲ್ಲಣ್ಣ. ನೀಲವ್ವ ವೈನಿ ಕಾಯಿಪಲ್ಲೆ ತರೂವಾಗ ಅವರ ಹಿಂದಿಂದ ಅಡ್ಡಾಡಿ ಕಲ್ತೈತಿ."

ನೀಲವ್ವನ ಚೌಕಾಶಿ ಪೇಟೆಗೆಲ್ಲ ಗೊತ್ತು. ಒಂದೇ ದರ ಹೇಳುತ್ತಾಳೆ, ಬೆನ್ನು ತಿರುಗಿಸಿ ನಡೆಯುತ್ತಾಳೆ. "ಬರ್ರಿ ಅಕ್ಕಾರ, ಒಯ್ರಿ" ಎಂದು ಅಂಗಡಿಯವನು ಸೋತು ಕರೆಯುವವರೆಗೂ ಹೊರಳಿ ನೋಡುವುದಿಲ್ಲ. ಅವನು ದರಕ್ಕೆ ಒಪ್ಪದೆ ಬರೀ ಬೆನ್ನು ಹತ್ತಿ ಗೋಗರೆದರೆ ದರವನ್ನು ಇನ್ನಷ್ಟು ಇಳಿಸುತ್ತಾಳೆ.

"ಷೇರಿನಾಗ ಇದಕ್ಕ ಲಿಮಿಟ್ ಆರ್ಡರ್ ಅಂತಾರ. ನೂರಕ್ಕ ಕೊಟ್ರ ಕೊಡು, ನೂರಾ ಒಂದಂದ್ರ ಬ್ಯಾಡ" ಎಂದ ಫಕೀರೇಶ.

ಷೇರುಪೇಟೆ ತೆರೆಯಿತು. ಒಂದು ಬ್ಯಾಟರಿ ಕಂಪನಿಯ ಷೇರು ನೂರಾ ಎರಡರಲ್ಲಿ ಕುಣಿಯುತ್ತಿತ್ತು. ಕಂಪನಿ ಹೊಸದೇನೋ ಕಂಡುಹಿಡಿದಿದೆ ಎಂಬ ಸುದ್ದಿ ಊರೆಲ್ಲ ಓಡಾಡುತ್ತಿತ್ತು. "ನೂರು" ಎಂದಿತು ಯಂತ್ರ, ಮತ್ತು ಅಡುಗೆಮನೆಯತ್ತ ಉರುಳಿತು. ದರ ಕಣ್ಣು ಮಿಟುಕಿಸುವಷ್ಟು ಹೊತ್ತು ನೂರಕ್ಕೆ ಇಳಿದು, ಮರುಕ್ಷಣ ನೂರಾ ಒಂಬತ್ತಕ್ಕೆ ಹಾರಿತು. ಒಂದು ಷೇರೂ ಸಿಗಲಿಲ್ಲ.

"ನೂರಕ್ಕ ಬಂದಿತ್ತಲ್ಲೋ. ನಮಗ್ಯಾಕ ಸಿಗಲಿಲ್ಲ?"

"ಅದ ದರ ಕೇಳಿದವರು ನಮ್ಮ ಮುಂದ ಪಾಳಿ ಹಚ್ಚಿದ್ರು. ಮಾರಾವ್ರು ನಾಕ ಮಂದಿ. ಮುಂದಿನವರಿಗೆ ಸಾಲೂದ್ರಾಗ ದರ ಹಾರಿಹೋತು."

"ಆದ್ರ ಯಾರರ ತಿರುಗಿ ಕರೀತಾರಲ್ಲ?"

ಫಕೀರೇಶ ತಲೆ ಕೆರೆದುಕೊಂಡ. "ಷೇರುಪೇಟ್ಯಾಗ ಯಾರೂ ಕರಿಯಂಗಿಲ್ಲ. ಅದೊಂದು ನಾ ವಿಚಾರ ಮಾಡಿದ್ದಿಲ್ಲ."

ದರ ನೂರಾ ಇಪ್ಪತ್ತಾಯಿತು. ಚನ್ನಮಲ್ಲಪ್ಪನಿಗೆ ತಡೆಯಲಾಗಲಿಲ್ಲ. "ಎಷ್ಟರ ಆಗ್ಲಿ, ತೊಗೊ!" ಎಂದು ಯಂತ್ರದ ಬೆನ್ನು ಹತ್ತಿದ. ಯಾರೋ ಗೋಗರೆಯುತ್ತ ಬರುತ್ತಿದ್ದಾರೆಂದು ಯಂತ್ರಕ್ಕೆ ಖಾತ್ರಿಯಾಯಿತು. "ತೊಂಬತ್ತು" ಎಂದು ಬಾಗಿಲು ದಾಟಿತು. ಅವನು ಕೈಮುಗಿದ. "ಎಪ್ಪತ್ತು" ಎಂದು ಓಣಿ ದಾಟಿತು. ಅವನು ಕೂಗಿದ ಕೂಗಿಗೆ ಧಾರವಾಡದ ಪೇಢೆ ಅಂಗಡಿಗಳ ಗಾಜುಗಳು ಅಲುಗಿದವಂತೆ. ಈ ಲೆಕ್ಕವೂ ಅವನದೇ. "ಐವತ್ತು" ಎಂದ ಯಂತ್ರ ಕಾಯಿಪಲ್ಲೆ ಪೇಟೆಗೆ ನುಗ್ಗಿತು.

ಅಲ್ಲಿ ಬದನೆಕಾಯಿಯವಳೊಬ್ಬಳು ಯಾರನ್ನೋ "ಬರ್ರಿ, ಒಯ್ರಿ" ಎಂದು ಕರೆದಳು. ಯಂತ್ರ ಗಕ್ಕನೆ ನಿಂತು ಹೊರಳಿತು. ಬೆಳಗಿನಿಂದ ಕಾದ ಕರೆ! ಚನ್ನಮಲ್ಲಪ್ಪನೂ ಹಿಂದೆಯೇ ಓಡಿಬಂದ ಫಕೀರೇಶನೂ ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ ಅದು ಒಂದು ಗಾಡಿ ಬದನೆಕಾಯಿ ಕೊಂಡು, ಮೊಬೈಲಿನಿಂದಲೇ ಹಣ ಕೊಟ್ಟು, ತೃಪ್ತಿಯಿಂದ ಸೀಟಿ ಹೊಡೆಯುತ್ತಿತ್ತು.

ಫಕೀರೇಶ ಅದರ ಹೊಟ್ಟೆ ತೆರೆದು ಮೊಬೈಲು ನೋಡಿದ. "ಮಲ್ಲಣ್ಣ, ಬ್ಯಾಟರಿ ಸುದ್ದಿ ಸುಳ್ಳಂತ. ಷೇರು ಎಂಬತ್ನಾಕಕ್ಕ ಬಿದ್ದೈತಿ. ನಮ್ಮ ಆರ್ಡರ್ ಐವತ್ತರಾಗ ಕುಂತೈತಿ, ಒಂದೂ ಕೊಂಡಿಲ್ಲ."

ಚನ್ನಮಲ್ಲಪ್ಪ ಗಾಡಿ ಹಿಡಿದು ಕುಸಿದು ಕುಳಿತ. ಎದೆಯ ಮೇಲಿನ ಬಂಡೆ ಸರಿದಂತಾಯಿತು. ಉಸಿರು ಬಂದದ್ದೇ ತಡ, ನಾಲಿಗೆಯೂ ಬಂತು. "ನನಗ ನಸುಕಿನ್ಯಾಗ ಸುಳ್ಳಿನ ವಾಸನಿ ಬಡದಿತ್ತು. ಅದಕ್ಕ ಬೇಕಂತನ ಇದನ್ನ ಓಡಿಸಿಕೊಂಡು ಬಂದೆ."

"ಹೌದೇನ್ರಿ?" ಹಿಂದೆ ಕೈಚೀಲ ಹಿಡಿದು ನೀಲವ್ವ ನಿಂತಿದ್ದಳು. "ಎಷ್ಟರ ಆಗ್ಲಿ ತೊಗೊ ಅಂತ ಅಳಕೋತ ಬಂದವರು ಯಾರ ಮತ್ತ? ಯಾರ ರೊಕ್ಕದಾಗ?"

ಅವನು ಬದನೆಕಾಯಿಗಳ ಮುಖ ನೋಡಿದ. ಒಂದೂ ನೆರವಿಗೆ ಬರಲಿಲ್ಲ.

"ನಿನ್ನ ರೊಕ್ಕದಾಗ. ನನಗ ಯಾವ ವಾಸನೀನೂ ಬಡದಿದ್ದಿಲ್ಲ. ಕೊಳ್ಳಾಕ ಹೊಂಟಿದ್ದೆ, ಈ ಕುಕ್ಕರ್ ನನ್ನ ಮಾತು ಕೇಳಲಿಲ್ಲ. ನಿನ್ನ ರೊಕ್ಕ ಎಲ್ಲಾ ಐತಿ, ನೀಲಾ." ಗಾಡಿಯ ಕಡೆ ನೋಡಿ ದನಿ ತಗ್ಗಿಸಿದ. "ಬದನಿಕಾಯಿದು ಬಿಟ್ಟು."