ಮಡಿಯೊಳಗಿನ ಡೀಸೆಲ್

ಮನುಷ್ಯರ ಮೇಲೆ ಬರುವ ಕೋಪಕ್ಕೆ ಒಂದು ಕೊನೆ ಇರುತ್ತದೆ. ಎದುರಿಗಿರುವವನು ಕ್ಷಮೆ ಕೇಳುತ್ತಾನೆ, ಇಲ್ಲವೇ ತಿರುಗಿ ಬೈಯುತ್ತಾನೆ, ಅದೂ ಆಗದಿದ್ದರೆ ನಮ್ಮನ್ನು ಕಂಡಾಗ ರಸ್ತೆಯ ಆಚೆ ಬದಿಗೆ ದಾಟುತ್ತಾನೆ. ಯಾವುದಾದರೂ ಸಮಾಧಾನವೇ. ಆದರೆ ಒಂದು ದ್ರವದ ಮೇಲೆ ಕೋಪ ಬಂದರೆ ಏನು ಮಾಡಬೇಕು? ನಾನು ಓದಿದ ಯಾವ ಶಾಸ್ತ್ರದಲ್ಲಿಯೂ ಇದಕ್ಕೆ ಪರಿಹಾರ ಹೇಳಿಲ್ಲ. ಎಪ್ಪತ್ತು ದಾಟಿ, ಕಾಮಕ್ರೋಧಗಳನ್ನು ಒಂದೊಂದಾಗಿ ಬೀಳ್ಕೊಡಬೇಕಾದ ಈ ವಯಸ್ಸಿನಲ್ಲಿ, ಜಪಕ್ಕೆ ಕುಳಿತಾಗಲೂ ನೆನಪಾಗಿ ಹಲ್ಲು ಕಡಿಯುವಂತೆ ಮಾಡುವ ವೈರಿಯೊಂದು ನನಗಿದೆ. ಅದು ಡೀಸೆಲ್.

ಉಡುಪಿಯ ಕಡೆಯ ಪಾಠಶಾಲೆಯೊಂದರಲ್ಲಿ ನ್ಯಾಯ, ವ್ಯಾಕರಣಗಳನ್ನು ಕಲಿಸಿ ನಿವೃತ್ತನಾದ ನಾನು ಈಗ ಕತಾರಿನ ಅಲ್ ಅಜೀಜಿಯಾದಲ್ಲಿ ಮಗಳು ವಾರಿಜೆಯ ಮನೆಯಲ್ಲಿದ್ದೇನೆ. ಕತಾರಿನಲ್ಲಿಯೂ ಚಳಿಯುಂಟು ಎಂದರೆ ಊರಿನವರು ಫೋನಿನಲ್ಲಿಯೇ ನಗುತ್ತಾರೆ. ಅವರು ಬಂದು ಧನುರ್ಮಾಸದ ಮುಂಜಾನೆ ಇಲ್ಲಿಯ ಮರಳುಗಾಡಿನಲ್ಲಿ ಬರಿಗಾಲಿನಲ್ಲಿ ನಿಲ್ಲಲಿ, ಆಮೇಲೆ ಮಾತನಾಡೋಣ. ಈ ದೇಶದ ಜನರದ್ದು ವಿಚಿತ್ರ ಅಭ್ಯಾಸ. ವರ್ಷದ ಬಹುಭಾಗ ಏಸಿಯ ಚಳಿಯಲ್ಲಿ ನಡುಗುತ್ತ ಕುಳಿತಿರುತ್ತಾರೆ. ಚಳಿಗಾಲ ಬಂದೊಡನೆ ಏಸಿ ಆರಿಸಿ, ಹೊರಗಿನ ಚಳಿ ಸಾಲದೆಂದು ಮರಳುಗಾಡಿಗೆ ಹೋಗಿ ಡೇರೆ ಹೂಡಿ ಅಲ್ಲಿ ನಡುಗುತ್ತಾರೆ. ಇದಕ್ಕೆ ವಿಂಟರ್ ಕ್ಯಾಂಪ್ ಎಂದು ಹೆಸರು. ಮುಶೈರಿಬಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ ನನ್ನ ಅಳಿಯ ರಘುರಾಮನಿಗೂ ಈ ಹುಚ್ಚು ಹತ್ತಿದೆ. ಹತ್ತಿಸಿದವರು ಅವನ ಸ್ನೇಹಿತ ಸುಧಾಕರ ಶೆಟ್ಟರು. ಅಲ್ ಸದ್ದ್‌ನಲ್ಲಿ ಬಿಡಿಭಾಗಗಳ ವ್ಯಾಪಾರ, ತುಳುವಿನ ಗತ್ತಿನಲ್ಲಿ ಕನ್ನಡ, ಎಲ್ಲರಿಗೂ ಬೇಕಾದ ಮನುಷ್ಯ. ಅವರಲ್ಲಿ ಒಂದು ಡೀಸೆಲ್ ಜನರೇಟರ್ ಇದೆ. ಯಾರಲ್ಲಿ ಜನರೇಟರ್ ಇದೆಯೋ ಅವರೇ ಕ್ಯಾಂಪಿನ ಯಜಮಾನರು.

ಬರಲಾರೆನೆಂದು ನಾನು ಖಂಡಿತವಾಗಿ ಹೇಳಿದ್ದೆ. ಧನುರ್ಮಾಸದಲ್ಲಿ ಸೂರ್ಯೋದಯಕ್ಕೆ ಮೊದಲೇ ಪೂಜೆ ಮುಗಿದು, ದೇವರಿಗೆ ಹೆಸರುಬೇಳೆಯ ಬಿಸಿ ಹುಗ್ಗಿ ನೈವೇದ್ಯವಾಗಬೇಕು. ಉಪನಯನವಾದ ವರ್ಷದಿಂದ ಒಂದು ಬೆಳಗೂ ನಾನು ಇದನ್ನು ತಪ್ಪಿಸಿದವನಲ್ಲ. ಜ್ವರವಿದ್ದಾಗಲೂ ತಪ್ಪಿಸಲಿಲ್ಲ, ಕತಾರಿಗೆ ಬಂದ ಮೇಲೂ ತಪ್ಪಿಸಲಿಲ್ಲ. “ಎಲ್ಲ ವ್ಯವಸ್ಥೆ ಅಲ್ಲಿಯೇ ಮಾಡುವ ಮಾವ,” ಎಂದ ರಘುರಾಮ. “ಸ್ನಾನದ ಕೋಣೆ, ನೀರಿನ ಟ್ಯಾಂಕಿ, ಬಿಸಿನೀರಿನ ಗೀಸರ್ ಉಂಟು, ಕರೆಂಟಿನ ಕುಕ್ಕರ್ ಉಂಟು. ಒಂದು ಮೂಲೆ ನಿಮಗೇ ಬಿಟ್ಟುಕೊಡ್ತೇವೆ.” ಮೊಮ್ಮಗಳು ಅನನ್ಯ ಬೇರೆ ನನ್ನ ಶಾಲು ಹಿಡಿದು, “ಅಜ್ಜಾ ಪ್ಲೀಸ್, ಯಲ್ಲಾ, ಹೋಗುವಾ,” ಎಂದಳು. ಒಪ್ಪಿದೆ.

ಗುರುವಾರ ಸಂಜೆ ಡೇರೆಯ ಪೂರ್ವದ ಮೂಲೆಯನ್ನು ನಾನೇ ಗುಡಿಸಿ, ನೀರು ಚಿಮುಕಿಸಿ, ಸಾಲಗ್ರಾಮದ ಸಂಪುಟವನ್ನು ಮಣೆಯ ಮೇಲಿಟ್ಟೆ. ಮಡಿ ನೀರನ್ನು ಮನೆಯಿಂದಲೇ ಬಿಳಿಯ ಕ್ಯಾನುಗಳಲ್ಲಿ ತಂದಿದ್ದೆವು. ಹೊರಗೆ ಮರಳುಗಾಳಿ ಬೀಸುತ್ತಿತ್ತು. “ಕ್ಯಾನುಗಳನ್ನೆಲ್ಲ ಒಳಗಿಡಪ್ಪಾ, ಒಂದನ್ನೂ ಹೊರಗೆ ಬಿಡಬೇಡ,” ಎಂದು ಅಳಿಯನಿಗೆ ಆಜ್ಞಾಪಿಸಿದೆ. ಅವನು ಕಾರಿನ ಡಿಕ್ಕಿಯಿಂದ ಒಂದೊಂದಾಗಿ ತಂದು ಸಾಲಾಗಿ ಜೋಡಿಸಿದ. ಬಳಿಕ ನಾನು ಹಿಟ್ಟಿನಲ್ಲಿ ಒಂದು ಗೆರೆಯೆಳೆದು, ಬೆಳಗ್ಗೆ ಸ್ನಾನವಾಗದೆ ಯಾರೂ, ನನ್ನನ್ನೂ ಸೇರಿಸಿ, ಇದನ್ನು ದಾಟಬಾರದೆಂದು ಗಂಭೀರವಾಗಿ ಘೋಷಿಸಿದೆ. ಶೆಟ್ಟರು ಕೈಮುಗಿದರು. ಅವರು ಮರ್ಯಾದೆಯುಳ್ಳವರು, ಕೋಳಿ ಸುಡುವಾಗಲೂ ಗಾಳಿಯ ದಿಕ್ಕು ನೋಡಿ, ಹೊಗೆ ನನ್ನ ಕಡೆ ಬಾರದಂತೆ ಒಲೆಯನ್ನು ದೂರ ಒಯ್ದಿದ್ದರು.

ಮುಂಜಾನೆ ಎದ್ದಾಗ ಕತ್ತಲೆ. ದೀಪಗಳಿಲ್ಲ. ಹೊರಗೆ ಜನರೇಟರ್ ವೃದ್ಧನಂತೆ ಕೆಮ್ಮಿ, ಒಂದು ಸಲ ಮೈ ಕೊಡವಿ, ಸುಮ್ಮನಾಯಿತು. ಶೆಟ್ಟರು ತಲೆಗೆ ಮಫ್ಲರ್ ಸುತ್ತಿ, ಟಾರ್ಚು ಹಿಡಿದು ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು.

“ಏನಾಯಿತು?” ಎಂದೆ.

“ಎಂತ ಇಲ್ಲ ಭಟ್ರೆ. ಥಂಡಿಗೆ ಡೀಸೆಲ್ ಗಟ್ಟಿಯಾಗಿದೆ. ಊರಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುದಿಲ್ವಾ, ಹಾಗೆ.”

ನನಗೆ ಮೊದಲ ಕೋಪ ಬಂದದ್ದು ಅಲ್ಲಿ. ತೆಂಗಿನೆಣ್ಣೆ ಗಟ್ಟಿಯಾದರೆ ಬೆರಳಿನಲ್ಲಿ ತೋಡಿ ತಲೆಗೆ ಹಚ್ಚಿಕೊಳ್ಳಬಹುದು. ಅದರ ಘನತೆಗೊಂದು ಅರ್ಥವಿದೆ. ನೆಲ ತೋಡಿದಲ್ಲೆಲ್ಲ ಎಣ್ಣೆಯಿರುವ ದೇಶದಲ್ಲಿ ಹುಟ್ಟಿ, ಇಷ್ಟು ಚಳಿಗೇ ಸೋಲುವ ಎಣ್ಣೆ ಎಂಥ ಎಣ್ಣೆ? ಹಿಮಾಲಯದಲ್ಲಿ ಲಾರಿಗಳು ಓಡುವುದಿಲ್ಲವೇ? ಇದನ್ನೆಲ್ಲ ನಾನು ಗಟ್ಟಿಯಾಗಿಯೇ ಕೇಳಿದೆ. ರಘುರಾಮ ಕಂಬಳಿ ಹೊದ್ದು ಬಂದು, “ಮಾವ, ಇಷ್ಟು ಚಳಿಗೆ ಡೀಸೆಲ್ ಗಟ್ಟಿಯಾಗುದಿಲ್ಲ, ನಾನು ಗೂಗಲ್ ಮಾಡಿದೆ,” ಎಂದ. ಶೆಟ್ಟರಿಗೆ ಸಿಟ್ಟು ಬಂತು. “ಹಾಗಾದ್ರೆ ನಿಮ್ಮ ಗೂಗಲನ್ನೇ ಕರೆದು ಸ್ಟಾರ್ಟ್ ಮಾಡಿಸಿ ಮಾರಾಯ್ರೆ!”

ಬೈಯುತ್ತಲೇ ಫಿಲ್ಟರಿನ ಗಾಜಿನ ಬಟ್ಟಲನ್ನು ಬಿಚ್ಚಿ ಟಾರ್ಚಿನ ಮುಂದೆ ಹಿಡಿದರು. ಮೇಲೆ ಹಳದಿಯ ಎಣ್ಣೆ, ಕೆಳಗೆ ಸ್ವಚ್ಛವಾದ ನೀರು. ಕಳೆದ ಚಳಿಗಾಲದ ಅರ್ಧ ಟ್ಯಾಂಕ್ ಡೀಸೆಲ್ ಹಾಗೆಯೇ ಉಳಿದಿತ್ತಂತೆ. ಹಗಲು ಕಾದು ರಾತ್ರಿ ತಣಿದು, ಖಾಲಿಯಿದ್ದ ಭಾಗದ ಗಾಳಿಯಲ್ಲಿದ್ದ ತೇವವೆಲ್ಲ ಹನಿಗಟ್ಟಿ ತಳದಲ್ಲಿ ನಿಂತಿತ್ತು. ಮಳೆಯೇ ಅಪರೂಪವಾದ ಈ ಮರಳುಗಾಡಿನಲ್ಲಿ, ಯಾರಿಗೂ ಬೇಡವಾದ ಒಂದು ಜಾಗವನ್ನು ಹುಡುಕಿ ನೀರು ಹುಟ್ಟಿಕೊಂಡಿತ್ತು. ಶೆಟ್ಟರು ಟ್ಯಾಂಕನ್ನು ಪೂರ್ತಿಯಾಗಿ ಬಕೆಟ್ಟಿಗೆ ಬಸಿದರು. “ಖಲಾಸ್. ಇನ್ನು ಹೊಸ ಡೀಸೆಲ್ ಹಾಕಿದ್ರೆ ಆಯ್ತು. ರಘು, ನಿನ್ನೆ ತಂದ ಕ್ಯಾನ್ ಎಲ್ಲಿ?”

ರಘುರಾಮ ಟಾರ್ಚಿನ ಬೆಳಕನ್ನು ನಿಧಾನವಾಗಿ ಡೇರೆಯೊಳಗೆ ತಿರುಗಿಸಿದ. ನನ್ನ ಹಿಟ್ಟಿನ ಗೆರೆಯ ಆಚೆ, ಮಡಿ ನೀರಿನ ಕ್ಯಾನುಗಳ ಸಾಲಿನ ತುದಿಯಲ್ಲಿ, ಸಾಲಗ್ರಾಮಕ್ಕೆ ಅತಿ ಸಮೀಪದಲ್ಲಿ, ಅಂಥದೇ ಬಿಳಿಯ ಕ್ಯಾನೊಂದು ಸಾಕ್ಷಾತ್ ಭಕ್ತನಂತೆ ಕುಳಿತಿತ್ತು.

“ನೀವೇ ಅಲ್ವಾ ಮಾವ, ಎಲ್ಲ ಕ್ಯಾನ್ ಒಳಗಿಡು ಅಂದದ್ದು?”

ನ್ಯಾಯಶಾಸ್ತ್ರದಲ್ಲಿ ಚಕ್ರಕವೆಂಬ ದೋಷವೊಂದಿದೆ. ಒಂದು ಸಿದ್ಧಿಸಲು ಇನ್ನೊಂದು ಬೇಕು, ಅದಕ್ಕೆ ಮತ್ತೊಂದು, ಆ ಮತ್ತೊಂದಕ್ಕೆ ಮೊದಲನೆಯದೇ ಬೇಕು. ಪಾಠ ಹೇಳುವಾಗ ಇದಕ್ಕೆ ತಕ್ಕ ಉದಾಹರಣೆ ಸಿಗದೆ ನಾನು ಒದ್ದಾಡುತ್ತಿದ್ದೆ. ಈಗ ಸಿಕ್ಕಿತು, ಕೇಳಲು ವಿದ್ಯಾರ್ಥಿಗಳಿರಲಿಲ್ಲ. ಜನರೇಟರ್ ನಡೆಯಲು ಡೀಸೆಲ್ ಬೇಕು. ಡೀಸೆಲ್ ತೆಗೆಯಲು ಸ್ನಾನವಾಗಬೇಕು. ಸ್ನಾನಕ್ಕೆ ಬಿಸಿನೀರು ಬೇಕು. ಬಿಸಿನೀರಿಗೆ ಜನರೇಟರ್ ನಡೆಯಬೇಕು. ಸ್ನಾನವಿಲ್ಲದೆ ಗೆರೆ ದಾಟಿದರೆ ಮಡಿ ನೀರೆಲ್ಲ ಕೆಟ್ಟಿತು, ಆ ಬೆಳಗಿನ ನೈವೇದ್ಯವೂ ಮುಗಿಯಿತು. ಪೂರ್ವದಲ್ಲಿ ಕತ್ತಲೆ ಆಗಲೇ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು.

“ತಣ್ಣೀರಲ್ಲಿ ಮಿಂದು ಬಾ,” ಎಂದೆ ಅಳಿಯನಿಗೆ.

“ನನಗೆ ಸೈನಸ್ ಉಂಟಲ್ಲ ಮಾವ.”

ಶೆಟ್ಟರು ತಮ್ಮ ಕಪ್ಪು ಕೈಗಳನ್ನು ತೋರಿಸಿದರು. “ನಾನು ಮಿಂದ್ರೂ ಈ ಗ್ರೀಸ್ ಹೋಗ್ಲಿಕ್ಕಿಲ್ಲ ಭಟ್ರೆ. ಒಂದು ಕೆಲಸ ಮಾಡುವ. ಗೆರೆ ದಾಟುದು ಬೇಡ. ದೂರದಿಂದಲೇ ಕೊಂಡಿ ಹಾಕಿ ಎಳೆಯುವ.” ಅವರು ಕೊಂಡಿಯೆಂದು ಎತ್ತಿ ಹಿಡಿದದ್ದು ನಿನ್ನೆ ಕೋಳಿ ಸುಟ್ಟ ಸರಳು. ನನ್ನ ಮುಖ ನೋಡಿ ಅದನ್ನು ಬೆನ್ನ ಹಿಂದೆ ಅಡಗಿಸಿದರು. ವಾರಿಜೆ ಒಳಗಿನಿಂದ, “ಅಪ್ಪಾ, ಇದ್ದಲಿನ ಒಲೆಯಲ್ಲಿ ಹುಗ್ಗಿ ಇಡ್ಲಾ?” ಎಂದಳು. ಅದೂ ಅದೇ ಕೋಳಿಯ ಒಲೆ. ಗ್ಯಾಸ್ ಏಕೆ ತರಲಿಲ್ಲವೆಂದರೆ ಡೇರೆಗೆ ಅಪಾಯವಂತೆ! ನನ್ನ ವ್ರತಕ್ಕೆ ಬಂದ ಅಪಾಯ ಯಾರ ಲೆಕ್ಕದಲ್ಲಿಯೂ ಇರಲಿಲ್ಲ.

ಆಗ ನನಗೆ ಬಂದ ಕೋಪವನ್ನು ವರ್ಣಿಸಲಾರೆ. ನೀರಿಗೆ ಎಡೆಕೊಟ್ಟ ಡೀಸೆಲ್ಲಿನ ಮೇಲೆ, ಡೀಸೆಲ್ ಇಲ್ಲದೆ ಕಾಯದ ನೀರಿನ ಮೇಲೆ, ಕ್ಯಾನುಗಳಿಗೆಲ್ಲ ಒಂದೇ ಬಣ್ಣ ಕೊಟ್ಟವನ ಮೇಲೆ, ಅಳಿಯನ ಮೂಗಿನ ಮೇಲೆ, ಒಟ್ಟಾಗಿ ಎಲ್ಲದರ ಮೇಲೆ ಕಿಡಿಕಾರುತ್ತ ನಾನೇ ಸ್ನಾನದ ಕೋಣೆಗೆ ನುಗ್ಗಿದೆ. ಮೊದಲ ಚೊಂಬು ತಲೆಗೆ ಬಿದ್ದಾಗ ಗಂಗೆ, ಯಮುನೆ, ಗೋದಾವರಿಯರ ಹೆಸರುಗಳೆಲ್ಲ ಮರೆತುಹೋಗಿ ಬಾಯಿಂದ ಬಂದದ್ದು “ಡೀಸೆಲ್!” ಎಂಬ ಒಂದೇ ಶಬ್ದ. ಒದ್ದೆ ಪಂಚೆಯಲ್ಲಿಯೇ ಹೊರಬಂದು ಗೆರೆ ದಾಟಿದೆ. ಆ ಕ್ಯಾನನ್ನು ಎತ್ತಬಹುದೇ ಎಂದು ಕ್ಷಣಕಾಲ ನಿಂತೆ. ಶಾಸ್ತ್ರಗಳಲ್ಲಿ ಡೀಸೆಲ್ಲಿಗೆ ವಿಧಿಯೂ ಇಲ್ಲ, ನಿಷೇಧವೂ ಇಲ್ಲ. ಭೂಮಿಯೊಳಗಿಂದ ಬಂದದ್ದು, ಹೋಗಲಿ, ಎಂದು ಎತ್ತಿ ತಂದು ಶೆಟ್ಟರ ಮುಂದೆ ನೆಲದ ಮೇಲೆ ಕುಕ್ಕಿದೆ.

“ಅಜ್ಜಾ, ಯು ಆರ್ ಶೇಕಿಂಗ್,” ಎಂದಳು ಅನನ್ಯ.

“ಚಳಿಗಲ್ಲ ಮಗೂ, ಕೋಪಕ್ಕೆ,” ಎಂದೆ. ಎರಡಕ್ಕೂ ಆಗಿತ್ತು.

ಡೀಸೆಲ್ ಸುರಿದರೂ ಜನರೇಟರ್ ಏಳಲಿಲ್ಲ. ಕೊಳವೆಯಲ್ಲಿ ಗಾಳಿ ಸೇರಿದೆ, ಅದನ್ನು ಪಂಪು ಒತ್ತಿ ಹೊರಹಾಕಬೇಕಂತೆ. ಮೊದಲು ನೀರು, ಈಗ ಗಾಳಿ. ಪಂಚಭೂತಗಳಲ್ಲಿ ಇನ್ನುಳಿದವು ಯಾವಾಗ ಸೇರುತ್ತವೆಯೋ ಎಂದು ಕೇಳಿದೆ. ಶೆಟ್ಟರು ಒತ್ತಿದರು, ರಘುರಾಮ ಒತ್ತಿದ, ಕೊನೆಗೊಮ್ಮೆ ಅದು ಕಪ್ಪು ಹೊಗೆಯುಗುಳಿ ಘರ್ಜಿಸಿತು. ಡೇರೆಯ ತುಂಬ ಬೆಳಕು ಬಂತು. ವಾರಿಜೆ ಓಡಿಹೋಗಿ ಮಿಂದು ಬಂದು ಕುಕ್ಕರಿನಲ್ಲಿ ಹುಗ್ಗಿಯಿಟ್ಟಳು. ಮಂತ್ರವನ್ನು ಅವಸರದಲ್ಲಿ ಹೇಳುವ ಪುರೋಹಿತರನ್ನು ಜೀವಮಾನವಿಡೀ ಖಂಡಿಸಿದ ನಾನು ಆ ದಿನ ಪುರುಷಸೂಕ್ತವನ್ನು ಹೇಳಿದ ವೇಗಕ್ಕೆ ಶೆಟ್ಟರು ಬೆರಗಾದರು. ಹುಗ್ಗಿ ಬೇಯಿತು. ಬಾಳೆಲೆಯ ಮೇಲೆ ಬಡಿಸಿ, ತುಳಸಿಯಿಟ್ಟು, ನೈವೇದ್ಯಕ್ಕೆ ಕೈಯೆತ್ತುವಾಗ ಡೇರೆಯ ಬಾಗಿಲಿನತ್ತ ನೋಡಿದೆ. ಹೊರಗೆಲ್ಲ ದಟ್ಟವಾದ ಮಂಜು. ಹತ್ತು ಹೆಜ್ಜೆ ಆಚೆ ನಿಂತ ಕಾರೂ ಕಾಣುತ್ತಿರಲಿಲ್ಲ. ಎಲ್ಲವೂ ಬೆಳ್ಳಗಿತ್ತು, ತುಸು ಹೆಚ್ಚೇ ಬೆಳ್ಳಗಿತ್ತು.

ರಘುರಾಮ ಫೋನು ತೆಗೆದು ನೋಡಿ, ಗಂಟಲು ಸರಿಮಾಡಿಕೊಂಡ. “ಮಾವ, ಸೂರ್ಯೋದಯ ಆಗಿ ಈಗ...”

“ಫೋನು ಕಿಸೆಗೆ ಹಾಕು,” ಎಂದೆ. “ನಿನ್ನ ಫೋನಿನಲ್ಲಿ ಉದಯಿಸಿರಬಹುದು. ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಮೊದಲನೆಯದು. ಶೆಟ್ಟರೆ, ಸೂರ್ಯ ನಿಮಗೆ ಕಾಣುತ್ತಿದ್ದಾನೆಯೇ?”

ಶೆಟ್ಟರು ಬಾಗಿಲಿಗೆ ಹೋಗಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಬಹಳ ಶ್ರದ್ಧೆಯಿಂದ ಪೂರ್ವಕ್ಕೆ ನೋಡಿದರು. ಬೇಕೆಂದೇ ಸ್ವಲ್ಪ ಪಶ್ಚಿಮಕ್ಕೂ ನೋಡಿದರು. “ಇಲ್ಲ ಭಟ್ರೆ. ಸೂರ್ಯ ಮಾಫಿ,” ಎಂದರು. ಮಾಫಿಯೆಂದರೆ ಇಲ್ಲಿಯ ಅರಬ್ಬಿಯಲ್ಲಿ ‘ಇಲ್ಲ’.

ಇದೇ ವಾದವನ್ನು ಬೇರೆ ಯಾರಾದರೂ ಹೂಡಿದ್ದರೆ ನಾನು ಅರ್ಧ ದಿನ ಕುಳಿತು ಅದನ್ನು ಖಂಡಿಸುತ್ತಿದ್ದೆ. ಅಂದು ಗಂಟೆ ಬಾರಿಸಿ ನೈವೇದ್ಯ ಮಾಡಿದೆ. ವ್ರತ ತಪ್ಪಿಲ್ಲವೆಂದು ಈಗಲೂ ಎಲ್ಲರಿಗೂ ಹೇಳುತ್ತೇನೆ, ತುಸು ಗಟ್ಟಿಯಾಗಿಯೇ ಹೇಳುತ್ತೇನೆ. ಸೂರ್ಯನಾರಾಯಣನು ಆ ಹೊತ್ತಿಗೆ ಮಂಜಿನ ಹಿಂದೆ ಎಷ್ಟು ಎತ್ತರದಲ್ಲಿದ್ದನೋ ಅವನಿಗೇ ಗೊತ್ತು. ಸಾಕ್ಷಿ ಹೇಳಲು ಅವನಾಗಿ ಬರಲಿಲ್ಲ, ನಾನೂ ಕರೆಯಲಿಲ್ಲ.