ಹನ್ನೆರಡನೆಯ ಮಡಿಯ ಹುಲ್ಲು

ಸರ್ಕಾರಿ ತೋಟದಲ್ಲಿ ಕೆಲಸ ಮಾಡುವವನು ಬರಿಗೈಯಲ್ಲಿ ಮನೆಗೆ ಬಂದರೆ ಹೆಂಡತಿ ಅವನನ್ನು ಪ್ರಾಮಾಣಿಕ ಎನ್ನುವುದಿಲ್ಲ, ಕೈಲಾಗದವನು ಎನ್ನುತ್ತಾಳೆ. ಹೈದರಾಬಾದಿನ ಹೊರಗೆ ಒಂದು ಸಂಶೋಧನಾ ಕ್ಷೇತ್ರದಲ್ಲಿ ಮೇವಿನ ಹುಲ್ಲು ಬೆಳೆಸಿ, ಕೊಯ್ದು, ತೂಗಿ, ಬರೆದಿಡುವುದು ನನ್ನ ಕೆಲಸ. "ಹಣ್ಣಿನ ವಿಭಾಗದವರು ಮಾವಿನಹಣ್ಣು ತರ್ತಾರ. ನೀವು ಇಷ್ಟು ವರ್ಷದಾಗ ಏನ್ ತಂದೀರಿ? ಕೆಮ್ಮು," ಎಂದು ನನ್ನ ಹೆಂಡತಿ ಕಮಲಾ ಒಮ್ಮೆ ಹೇಳಿದಳು. ಹುಲ್ಲಿನ ಹೂವಿನ ಪುಡಿ ನನಗೆ ಆಗಿಬರುವುದಿಲ್ಲ, ಮಾತು ನಿಜ.

ನಮ್ಮ ಪ್ರಯೋಗ ಸರಳವಾದದ್ದು. ಗಿನಿ ಹುಲ್ಲಿನ ಹನ್ನೆರಡು ಮಡಿಗಳಿಗೆ ಒಂದಕ್ಕಿಂತ ಒಂದಕ್ಕೆ ಹೆಚ್ಚು ಯೂರಿಯಾ. ಮೊದಲನೆಯದಕ್ಕೆ ಏನೂ ಇಲ್ಲ, ಅದು ನನ್ನ ಹಾಗೆ ಬಡಕಲು. ಹನ್ನೆರಡನೆಯದು ಎದೆಮಟ್ಟ, ಕಪ್ಪು ಎನ್ನುವಷ್ಟು ಹಸಿರು. ನೋಡಲು ಬಂದವರೆಲ್ಲ ಅದರ ಮುಂದೆಯೇ ಫೋಟೋ ತೆಗೆಸಿಕೊಳ್ಳುತ್ತಾರೆ. ಮಳೆ ತಡೆದು ಮತ್ತೆ ಬಿದ್ದ ದಿನಗಳಲ್ಲಿ ಅಂಥ ಹುಲ್ಲಿನೊಳಗೆ ನೈಟ್ರೇಟ್ ವಿಷವಾಗುವಷ್ಟು ಕೂಡಿಕೊಳ್ಳುತ್ತದೆ. ಪರೀಕ್ಷೆ ಮಾಡದೆ ದನಕ್ಕೆ ಹಾಕಬಾರದು ಎಂದು ಅಲ್ಲೊಂದು ಹಲಗೆಯಿದೆ. ಬರೆಸಿದವನು ನಾನೇ, ತೆಲುಗಿನಲ್ಲೂ ಹಿಂದಿಯಲ್ಲೂ.

ಉಪ್ಪಲ್‌ನಲ್ಲಿ ನಮ್ಮ ಬೀದಿಯ ಗುಡಿಯೆದುರು ಯಾದಗಿರಿ ಕಡೆಯ ಬಸಮ್ಮ ಬೆಳಿಗ್ಗೆ ತನ್ನ ಹಸು ಕಟ್ಟುತ್ತಾಳೆ. ಬಂದವರು ಹುಲ್ಲು ತಿನ್ನಿಸಿ ಪುಣ್ಯ ಕಟ್ಟಿಕೊಂಡು ಹೋಗುತ್ತಾರೆ. ಆಗ ಹಸು ಗಬ್ಬವಾಗಿತ್ತು. ಅದು ಈದು ಹಾಲು ಕೊಡತೊಡಗಿದರೆ ಕಟ್ಟಡದಲ್ಲಿ ಇಟ್ಟಿಗೆ ಹೊರುವುದನ್ನು ಬಿಡುತ್ತೇನೆ ಎಂದು ಬಸಮ್ಮ ಸಿಕ್ಕವರಿಗೆಲ್ಲ ಹೇಳಿದ್ದಳು. ಶುಕ್ರವಾರದ ಗೋಗ್ರಾಸಕ್ಕೆ ಕಮಲಾ ನನ್ನನ್ನು ಹುಲ್ಲು ಕೇಳಿದಳು. ದೇವರ ಕೆಲಸಕ್ಕೆ ಬಡಕಲು ಹುಲ್ಲು ಒಯ್ಯುವುದೇ? ಗುರುವಾರ ಸಂಜೆ ತೂಗಿ ಎಸೆಯಬೇಕಾಗಿದ್ದ ಹನ್ನೆರಡನೆಯ ಮಡಿಯ ಹುಲ್ಲಿನಲ್ಲಿ ದೊಡ್ಡದೊಂದು ಹೊರೆ ಕಟ್ಟಿ ತಂದೆ. "ಹುಲ್ಲಲ್ಲರಿ ಸಾಹೇಬ್ರ, ಬೆಣ್ಣಿ ಐತಿ," ಎಂದಳು ಬಸಮ್ಮ ಮರುದಿನ ಬೆಳಿಗ್ಗೆ. ಹಸಿದ ಹಸು ಅಷ್ಟನ್ನೂ ತಿಂದಿತು. ಕಮಲಾ ನನ್ನನ್ನು ಮಾವಿನಹಣ್ಣು ತಂದವನಂತೆ ನೋಡಿದಳು.

ಮುಂದಿನದನ್ನು ಕಂಡಷ್ಟೇ ಬರೆಯುತ್ತೇನೆ. ತಿಂದು ಎರಡು ತಾಸು ಕಳೆದ ಮೇಲೆ ಹಸುವಿನ ತೊಡೆ ನಡುಗಿತು. ಬಾಯಿ ತೆರೆದು ಉಸಿರೆಳೆಯಿತು, ಒಸಡು ಕಂದುಬಣ್ಣಕ್ಕೆ ತಿರುಗಿತು, ಆಮೇಲೆ ಕುಸಿಯಿತು. ಪಶುವೈದ್ಯರು ಸೂಜಿ ಚುಚ್ಚಿದಾಗ ಬಂದ ರಕ್ತ ಡಿಕಾಕ್ಷನ್ ಬಣ್ಣದ್ದಾಗಿತ್ತು. ಏನು ತಿಂದಿತ್ತು ಎಂದು ಕೇಳಿದರು. ಬಸಮ್ಮ, ಬೆಣ್ಣೆಯಂಥ ಹುಲ್ಲು, ಸಾಹೇಬರು ತಂದದ್ದು ಎಂದಳು. ಉಳಿದದ್ದನ್ನು ನಾನು ಹೇಳಿದೆ. ಯೂರಿಯಾದ ಪ್ರಮಾಣವನ್ನು ದಶಾಂಶ ಸಮೇತ ಹೇಳಿದೆ. ನೀಲಿ ಔಷಧ ರಕ್ತನಾಳಕ್ಕೆ ಇಳಿಯಿತು; ಮಧ್ಯಾಹ್ನದ ಹೊತ್ತಿಗೆ ಹಸು ಎದ್ದು ನಿಂತಿತು. ಐದನೆಯ ದಿನ ಸತ್ತ ಕರು ಹಾಕಿತು.

ಬಸಮ್ಮ ಬೈಯಲಿಲ್ಲ. ಇಟ್ಟಿಗೆ ಹೊರಲು ಹೋಗುತ್ತಿದ್ದಾಳೆ. ಹೋದ ತಿಂಗಳು ಸಂತೆಯಲ್ಲಿ ಕೊಂಡ ಸಾದಾ ಹುಲ್ಲಿನ ಕಟ್ಟು ಹಿಡಿದು ಹತ್ತಿರ ಹೋದೆ. ಅವಳು ಹಸುವಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ನಿಮ್ಮ ಪುಣ್ಯ ನಿಮ್ಮ ಮನ್ಯಾಗ ಇರ್ಲಿರಿ ಸಾಹೇಬ್ರ."

ಕಟ್ಟನ್ನು ಮನೆಗೆ ತಂದೆ. ಕಮಲಾ ಕಟ್ಟನ್ನು ನೋಡಿ ಒಳಗೆ ಹೋದಳು. ಕಚೇರಿಯ ವಹಿಯಲ್ಲಿ ಹನ್ನೆರಡನೆಯ ಮಡಿಯ ಎದುರು, ಆ ಗುರುವಾರ ನಾನು ದುಂಡಗೆ ಬರೆದದ್ದು ಹಾಗೆಯೇ ಇದೆ: ಬೆಳವಣಿಗೆ ಅತ್ಯುತ್ತಮ. ಎಷ್ಟೋ ಸಲ ಪೆನ್ನು ತೆಗೆದು ಕುಳಿತಿದ್ದೇನೆ. ತಿದ್ದಲು ಬರುವುದಿಲ್ಲ, ತೂಕ ಸರಿಯಾಗಿದೆ.